ಹದಿಹರೆಯದ ಮಕ್ಕಳು ಮತ್ತು ಮನಸ್ಸಿನ ಕಷ್ಟ



ಪೈರಿನ ಎಲೆ ಹಳದಿಯಾದರೆ ನೀವು ಎಲೆಯನ್ನು ಬೈಯುವುದಿಲ್ಲ, ಬೇರನ್ನು ನೋಡುತ್ತೀರಿ. ಬೆಳೆಯುವ ಮಕ್ಕಳ ವಿಷಯದಲ್ಲಿಯೂ ಹಾಗೆಯೇ ಮಾಡಬೇಕು. ೧೦ರಿಂದ ೧೯ ವರ್ಷದ ಮಕ್ಕಳಲ್ಲಿ ೭ ಮಂದಿಗೆ ಒಬ್ಬರಂತೆ ಮನಸ್ಸಿನ ತೊಂದರೆ ಇರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಕಷ್ಟ ಎಲ್ಲ ಮಕ್ಕಳಿಗೂ ಬರುತ್ತದೆ. ಎದುರಿಸುವ ಬಗೆ ಮಾತ್ರ ಬೇರೆ ಬೇರೆ. ಎಸ್.ಎಸ್.ಎಲ್.ಸಿ. ಗಣಿತದಲ್ಲಿ ಮೂವರು ನಪಾಸಾದರೆನ್ನೋಣ.

೧. ಒಬ್ಬನು ಎಲ್ಲಿ ತಪ್ಪಿತೆಂದು ಮೇಷ್ಟರನ್ನು ಕೇಳಿ ಮತ್ತೆ ಪರೀಕ್ಷೆಗೆ ಓದುತ್ತಾನೆ.

೨. ಒಬ್ಬಳು ತಾಯಿಯೊಡನೆ ಅತ್ತು, ಹೇಳಿಕೊಂಡು, ಮನಸ್ಸು ಹಗುರ ಮಾಡಿಕೊಳ್ಳುತ್ತಾಳೆ.

೩. ಇನ್ನೊಬ್ಬನು ಬಾಯಿ ಬಿಡುವುದಿಲ್ಲ. ಮೂಲೆ ಹಿಡಿಯುತ್ತಾನೆ, ಮೊಬೈಲಿನಲ್ಲಿ ಮುಳುಗುತ್ತಾನೆ, ಇಲ್ಲವೆ ಕುಡಿತಕ್ಕೆ ಕೈಹಾಕುತ್ತಾನೆ.

ಯಾವಾಗಲೂ ಮೂರನೆಯ ದಾರಿ ಹಿಡಿಯುವ ಮಕ್ಕಳಲ್ಲಿ ಭಯ, ಖಿನ್ನತೆ, ಸಿಟ್ಟು, ಜಗಳ, ಶಾಲೆ ತಪ್ಪಿಸುವುದು ಹೆಚ್ಚೆಂದು ತಿಳಿದವರು ಕಂಡುಕೊಂಡಿದ್ದಾರೆ. ಆದರೆ ಒಂದು ಮಾತು ನೆನಪಿಡಿ. ಮುಚ್ಚಿಟ್ಟುಕೊಂಡರೆ ಖಿನ್ನತೆ ಬೆಳೆಯುತ್ತದೆ. ಖಿನ್ನತೆ ಬಂದಾಗಲೂ ಮಗು ಮೂಲೆ ಹಿಡಿಯುತ್ತದೆ. ಆದುದರಿಂದ ಅವನನ್ನು ಸೋಮಾರಿ, ಮೊಂಡ ಎಂದು ಜರೆಯಬೇಡಿ.

ಎಲ್ಲ ಕಷ್ಟಕ್ಕೂ ಒಂದೇ ಮದ್ದಿಲ್ಲ. ಪಾಠ ಬಾರದಿದ್ದರೆ ಓದಿ ಸರಿಪಡಿಸಬಹುದು. ಮಳೆ ಹೋದದ್ದನ್ನು, ಮನೆಯ ಸಾಲವನ್ನು ಮಗು ಸರಿಪಡಿಸಲಾರದು. ಅಂಥಲ್ಲಿ ಅದಕ್ಕೆ ಬೇಕಾದದ್ದು ಸಮಾಧಾನ, ಆಟ, ಗೆಳೆಯರು, ನಿಮ್ಮ ಆಸರೆ. ‘ಸಾಲದ ಚಿಂತೆ ನಮಗಿರಲಿ’ ಎಂದು ನೀವೇ ಬಾಯಿಬಿಟ್ಟು ಹೇಳಿರಿ.

ನೀವು ಮಾಡಬೇಕಾದದ್ದು:

ಮೊದಲು ಕೇಳಿಸಿಕೊಳ್ಳಿ, ಬುದ್ಧಿಮಾತು ಆಮೇಲಿರಲಿ. ಪಕ್ಕದ ಮನೆಯ ಮಕ್ಕಳಿಗೆ ಹೋಲಿಸಬೇಡಿ. ದೊಡ್ಡ ಕಷ್ಟವನ್ನು ಸಣ್ಣ ಸಣ್ಣ ಕೆಲಸವಾಗಿ ಬಿಡಿಸಲು ಕಲಿಸಿರಿ. ನೀವೇ ಸಿಟ್ಟು ಬಂದಾಗ ಕುಡಿದರೆ ಮಗು ಅದನ್ನೇ ಕಲಿಯುತ್ತದೆ.

ಎರಡು ವಾರ ಕಳೆದರೂ ಊಟ, ನಿದ್ದೆ, ಮಾತು ಮೊದಲಿನಂತಾಗದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ. ಸಾಯುವ ಮಾತಾಡಿದರೆ ಒಂದು ದಿನವೂ ಕಾಯಬೇಡಿ. ಒಂಟಿಯಾಗಿ ಬಿಡದೆ ಕೂಡಲೇ ಆಸ್ಪತ್ರೆಗೆ ಹೋಗಿರಿ. ಬೆಳೆಗೆ ಹೊಡೆಯುವ ಔಷಧಿಯನ್ನು ಇಂದೇ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಬೀಗದ ಕೈ ನಿಮ್ಮ ಬಳಿಯಿರಲಿ. ಸಿಟ್ಟಿನ ಗಳಿಗೆ ದಾಟಿಹೋದರೆ ಎಷ್ಟೋ ಜೀವ ಉಳಿಯುತ್ತವೆ.

೨೦೨೨ರಲ್ಲಿ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸೇವೆಗೆ ೧೪೪೧೬ ಸಂಖ್ಯೆಗೆ ಫೋನು ಮಾಡಿ, ಹಣ ಕೊಡದೆ ಹಗಲೂ ರಾತ್ರಿಯೂ ಕನ್ನಡದಲ್ಲೇ ಸಲಹೆ ಪಡೆಯಬಹುದು. ಈ ಸಂಖ್ಯೆಯನ್ನು ಮನೆಯ ಗೋಡೆಯ ಮೇಲೆ ಬರೆದಿಡಿ. ಇಂದು ರಾತ್ರಿ ಊಟಕ್ಕೆ ಕುಳಿತಾಗ, ಅಂಕದ ಮಾತು ಬಿಟ್ಟು, ‘ಮನಸ್ಸಿಗೆ ಹೇಗಿದೆ?’ ಎಂದು ಮಕ್ಕಳನ್ನು ಕೇಳಿರಿ.