ಅಂಚಿನಲ್ಲಿ ನಿಂತು ಆಡುವವರು

 

ನಮ್ಮ ಶಾಲೆಯ ಮೈದಾನದಲ್ಲಿ ಫುಟ್‌ಬಾಲ್ ಆಡುವಾಗ ಎಲ್ಲರಿಗೂ ಮಧ್ಯದಲ್ಲೇ ನಿಲ್ಲಬೇಕು, ಗೋಲು ತಾವೇ ಹೊಡೆಯಬೇಕು. ಅಂಚಿಗೆ ನಿಲ್ಲು ಅಂದರೆ ಮುಖ ಊದಿಸಿಕೊಳ್ಳುತ್ತೇವೆ. ನಾನೂ ಹಾಗೇ ಮಾಡಿದ್ದೆ. ಆಟ ಬಿಟ್ಟು ಬೇವಿನ ಮರದ ಕೆಳಗೆ ಹೋಗಿ ಕೂತಿದ್ದೆ. ಆಗ ಪಿ.ಟಿ. ಮೇಷ್ಟ್ರು ನನ್ನನ್ನು ಕರೆದು ದಕ್ಷಿಣ ಕೊರಿಯಾದ ಒಬ್ಬ ಆಟಗಾರರ ಕಥೆ ಹೇಳಿದರು. ಅದನ್ನು ಕೇಳಿ, ಇನ್ನಷ್ಟು ಓದಿ ತಿಳಿದುಕೊಂಡು ಈ ಪಾಠ ಬರೆದಿದ್ದೇನೆ.

ವಿಂಗರ್ ಎಂದರೆ ಯಾರು?

ವಿಂಗ್ ಎಂದರೆ ರೆಕ್ಕೆ. ಹಕ್ಕಿಗೆ ಎರಡು ಪಕ್ಕ ರೆಕ್ಕೆ ಇರುವ ಹಾಗೆ ಫುಟ್‌ಬಾಲ್ ತಂಡಕ್ಕೂ ಎಡಗಡೆ ಒಬ್ಬರು, ಬಲಗಡೆ ಒಬ್ಬರು ಇರುತ್ತಾರೆ. ಅವರೇ ವಿಂಗರ್. ನಮ್ಮ ಕಬಡ್ಡಿಯಲ್ಲಿ ಕಾರ್ನರ್‌ನಲ್ಲಿ ನಿಲ್ಲುವವರನ್ನು ನೆನಪು ಮಾಡಿಕೊಳ್ಳಿ. ನಿಲ್ಲುವುದು ಮೂಲೆಯಲ್ಲಿ, ಆದರೆ ರೈಡರ್‌ನ ಕಾಲು ಹಿಡಿಯುವುದು ಅವರೇ! ಹಾಗೆಯೇ ವಿಂಗರ್ ಪಕ್ಕದ ಗೆರೆಯ ಹತ್ತಿರ ಚೆಂಡು ಪಡೆದು, ಜೋರಾಗಿ ಓಡಿ, ಒಳಗೆ ನುಗ್ಗಿ ಗೋಲು ಹೊಡೆಯಬೇಕು. ಇಲ್ಲವೇ ಜೊತೆಗಾರರಿಗೆ ಚೆಂಡು ಕೊಡಬೇಕು. ಗೋಲಾಗುವಂಥ ಚೆಂಡು ಕೊಡುವುದಕ್ಕೆ ಅಸಿಸ್ಟ್ ಅಂತ ಹೆಸರು.

ಬಾಲ್ಯ ಮತ್ತು ಅಭ್ಯಾಸ

ನಾನು ಹೇಳುತ್ತಿರುವ ಆಟಗಾರರ ಹೆಸರು ಸೊನ್ ಹ್ಯೂಂಗ್‌ಮಿನ್. ಸೊನ್ ಎಂಬುದು ಮನೆತನದ ಹೆಸರು. ಕೊರಿಯಾದಲ್ಲಿ ಅದನ್ನೇ ಮೊದಲು ಹೇಳುತ್ತಾರೆ. ಇವರು 1992ರ ಜುಲೈ 8ರಂದು ಚುಂಚೊನ್ ಎಂಬ ಊರಿನಲ್ಲಿ ಜನಿಸಿದರು. ಇವರ ತಂದೆಯೂ ಫುಟ್‌ಬಾಲ್ ಆಟಗಾರರು. ಗಾಯವಾಗಿ ಬೇಗನೇ ಆಟ ಬಿಡಬೇಕಾಯಿತು. ಅವರೇ ಮಗನಿಗೆ ಗುರುಗಳಾದರು.

ತಂದೆ ಮೊದಲಿಗೇ ಪಂದ್ಯ ಆಡಿಸಲಿಲ್ಲ. ಚೆಂಡು ನೆಲಕ್ಕೆ ಬೀಳದ ಹಾಗೆ ಕಾಲಲ್ಲೇ ಪುಟಿಸುವುದನ್ನು ಕಲಿಸಿದರು. ಅಣ್ಣ ತಮ್ಮ ಜಗಳ ಆಡಿದರೆ ನಾಲ್ಕು ಗಂಟೆ ಹಾಗೆ ಪುಟಿಸುವುದೇ ಶಿಕ್ಷೆ. ಮೂರು ಗಂಟೆ ಕಳೆದ ಮೇಲೆ ಒಂದು ಚೆಂಡು ಮೂರಾಗಿ ಕಾಣುತ್ತಿತ್ತಂತೆ! ಇಷ್ಟು ಕಠಿಣ ಶಿಕ್ಷೆ ಮಕ್ಕಳಿಗೆ ಬೇಡ ಅಂತ ನನಗೆ ಅನ್ನಿಸಿತು. ಆದರೆ ಇನ್ನೊಂದು ಪಾಠ ನನಗೆ ಬಹಳ ಹಿಡಿಸಿತು. ಸೊನ್ ಅವರದು ಬಲಗಾಲು. ಎಡಗಾಲೂ ಹಾಗೇ ಪಳಗಲಿ ಅಂತ, ಕಾಲುಚೀಲ ಹಾಕುವಾಗಲೂ ಎಡಗಾಲಿಗೇ ಮೊದಲು ಹಾಕಬೇಕು ಎಂದು ತಂದೆ ಅಭ್ಯಾಸ ಮಾಡಿಸಿದರು.

ಎರಡೂ ಕಾಲು ಯಾಕೆ ಬೇಕು? ಸೊನ್ ಹೆಚ್ಚಾಗಿ ಎಡ ಅಂಚಿನಲ್ಲಿ ಆಡುವವರು. ಅಲ್ಲಿಂದ ಒಳಗೆ ತಿರುಗಿದರೆ ಬಲಗಾಲಲ್ಲಿ ಹೊಡೆಯಬಹುದು. ಎದುರಾಳಿ ಆ ದಾರಿ ಕಟ್ಟಿದರೆ ಹೊರಗೆ ತಿರುಗಿ ಎಡಗಾಲಲ್ಲಿ ಹೊಡೆಯಬಹುದು. ಯಾವ ಕಡೆ ತಿರುಗುತ್ತಾರೆ ಅಂತ ಎದುರಾಳಿಗೆ ತಿಳಿಯುವುದಿಲ್ಲ. ಒಂದೇ ಕಾಲು ಬಂದರೆ ಒಂದೇ ಬಾಗಿಲು ಇದ್ದ ಹಾಗೆ, ಅದಕ್ಕೆ ಅಗುಳಿ ಹಾಕಿದರೆ ಮುಗಿಯಿತು.

ದೂರದ ದೇಶಗಳಲ್ಲಿ

2008ರಲ್ಲಿ, 16ನೇ ವಯಸ್ಸಿನಲ್ಲಿ, ಇವರು ಜರ್ಮನಿಯ ಹ್ಯಾಂಬರ್ಗ್ ಕ್ಲಬ್ಬಿಗೆ ಕಲಿಯಲು ಹೋದರು. ಭಾಷೆ ಬೇರೆ, ಊಟ ಬೇರೆ. 2010ರಲ್ಲಿ ಅಲ್ಲಿನ ದೊಡ್ಡ ಲೀಗ್‌ನಲ್ಲಿ ಮೊದಲ ಗೋಲು ಹೊಡೆದರು. 2013ರಲ್ಲಿ ಲೆವರ್‌ಕೂಸನ್ ಕ್ಲಬ್ಬಿಗೆ, 2015ರಲ್ಲಿ ಇಂಗ್ಲೆಂಡಿನ ಟಾಟನ್‌ಹ್ಯಾಮ್ ಕ್ಲಬ್ಬಿಗೆ ಸೇರಿದರು.

2019ರ ಡಿಸೆಂಬರ್‌ನಲ್ಲಿ ಬರ್ನ್‌ಲಿ ತಂಡದ ವಿರುದ್ಧ ತಮ್ಮ ಗೋಲಿನ ಹತ್ತಿರ ಚೆಂಡು ಸಿಕ್ಕಿತು. ಅಲ್ಲಿಂದ ಸುಮಾರು 12 ಸೆಕೆಂಡಿನಲ್ಲಿ ಎಲ್ಲರನ್ನೂ ದಾಟಿ ಎದುರು ಗೋಲಿಗೆ ಹೊಡೆದರು. ವರ್ಷದ ಅತಿ ಸುಂದರ ಗೋಲು ಎಂದು ಅದಕ್ಕೆ ಪುಷ್ಕಾಸ್ ಪ್ರಶಸ್ತಿ ಬಂತು. 2021-22ರಲ್ಲಿ ಪ್ರೀಮಿಯರ್ ಲೀಗ್‌ನಲ್ಲಿ 23 ಗೋಲು ಹೊಡೆದು, ಈಜಿಪ್ಟಿನ ಸಲಾಹ್ ಅವರ ಜೊತೆ ಚಿನ್ನದ ಬೂಟು ಹಂಚಿಕೊಂಡರು. ಏಷ್ಯಾದವರಿಗೆ ಅದು ಸಿಕ್ಕಿದ್ದು ಅದೇ ಮೊದಲು. ಆ 23ರಲ್ಲಿ 12 ಗೋಲು ಎಡಗಾಲಿನವು, 11 ಬಲಗಾಲಿನವು! ಕಾಲುಚೀಲದ ಪಾಠ ಸುಮ್ಮನೆ ಹೋಗಲಿಲ್ಲ.

ಕೊಟ್ಟು ಗೆದ್ದ ಎರಡು ದಿನಗಳು

ಮೇಷ್ಟ್ರು ನನಗೆ ಒತ್ತಿ ಹೇಳಿದ್ದು ಈ ಭಾಗವನ್ನು.

1) ಕೊರಿಯಾದಲ್ಲಿ ಆರೋಗ್ಯವಂತ ಗಂಡಸರೆಲ್ಲ ಸೈನ್ಯದಲ್ಲಿ ಕಡ್ಡಾಯವಾಗಿ ಕೆಲಸ ಮಾಡಬೇಕು. ಆಗ ಸುಮಾರು 21 ತಿಂಗಳು. ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದವರಿಗೆ ವಿನಾಯಿತಿ ಉಂಟು. 2014ರಲ್ಲಿ ಕೊರಿಯಾ ಚಿನ್ನ ಗೆದ್ದಿತು, ಆದರೆ ಕ್ಲಬ್ಬಿನವರು ಸೊನ್ ಅವರನ್ನು ಕಳಿಸಿರಲಿಲ್ಲ. 2016ರ ಒಲಿಂಪಿಕ್ಸ್‌ನಲ್ಲಿ ತಂಡ ಸೋತಿತು, ಸೊನ್ ಮೈದಾನದಲ್ಲೇ ಅತ್ತರು. 2018ರಲ್ಲಿ ಇಂಡೋನೇಷ್ಯಾದಲ್ಲಿ ನಡೆದ ಫೈನಲ್ ಸೋತಿದ್ದರೆ ಆಟಕ್ಕೇ ದೊಡ್ಡ ಅಡ್ಡಿ ಬರುತ್ತಿತ್ತು. ಎದುರಾಳಿ ಜಪಾನ್. 90 ನಿಮಿಷ ಕಳೆದರೂ ಗೋಲಿಲ್ಲ. ಹೆಚ್ಚುವರಿ ಸಮಯದಲ್ಲಿ ಚೆಂಡು ಗೋಲಿನ ಹತ್ತಿರ ಸೊನ್ ಕಾಲಲ್ಲೇ ಇತ್ತು. ಚಿಕ್ಕವರಾದ ಲೀ ಸೂಂಗ್‌ವೂ ಓಡಿ ಬಂದರು. ಸೊನ್ ಅವರಿಗೇ ಬಿಟ್ಟುಕೊಟ್ಟರು. ಗೋಲು! ಆಮೇಲೆ ಸೊನ್ ಒದ್ದ ಫ್ರೀ ಕಿಕ್‌ಗೆ ಹ್ವಾಂಗ್ ಹೀಚಾನ್ ತಲೆ ಕೊಟ್ಟರು. ಎರಡನೇ ಗೋಲು! ಕೊರಿಯಾ 2-1ರಿಂದ ಗೆದ್ದಿತು. ಅಷ್ಟು ಮುಖ್ಯವಾದ ದಿನ ಸೊನ್ ತಾವು ಒಂದೂ ಗೋಲು ಹೊಡೆಯಲಿಲ್ಲ, ಎರಡನ್ನೂ ಹೊಡೆಸಿದರು. ವಿನಾಯಿತಿ ಸಿಕ್ಕರೂ 2020ರಲ್ಲಿ ಜೇಜು ದ್ವೀಪದಲ್ಲಿ ಮೂರು ವಾರ ಸೈನಿಕ ತರಬೇತಿ ಮುಗಿಸಿದರು.

2) 2022ರ ನವೆಂಬರ್‌ನಲ್ಲಿ ಇವರ ಕಣ್ಣಿನ ಸುತ್ತಿನ ಮೂಳೆ ಮುರಿಯಿತು. ಆಪರೇಷನ್ ಆಯಿತು. ಆದರೂ ಕಪ್ಪು ಮುಖವಾಡ ಹಾಕಿಕೊಂಡು ಕತಾರ್ ವಿಶ್ವಕಪ್ ಆಡಿದರು. ಪೋರ್ಚುಗಲ್ ವಿರುದ್ಧ ಗೆಲ್ಲಲೇಬೇಕಿತ್ತು. 90 ನಿಮಿಷ ಮುಗಿದಾಗ 1-1. ಆಗ ಸೊನ್ ತಮ್ಮ ಅರ್ಧದಿಂದ ಚೆಂಡು ಹಿಡಿದು ಒಬ್ಬರೇ ಓಡಿದರು. ಎದುರಾಳಿಗಳು ಸುತ್ತ ಮುತ್ತಿಕೊಂಡರು. ನಾನಾಗಿದ್ದರೆ ಗಾಬರಿಯಿಂದ ಹೊಡೆದೇ ಬಿಡುತ್ತಿದ್ದೆ. ಸೊನ್ ಒಂದು ಕ್ಷಣ ತಡೆದು ನಿಂತರು. ಹ್ವಾಂಗ್ ಹೀಚಾನ್ ಬರುವುದನ್ನು ನೋಡಿ ಎದುರಾಳಿಯ ಕಾಲುಗಳ ಸಂದಿಯಲ್ಲಿ ಚೆಂಡು ತಳ್ಳಿದರು. ಗೋಲು! ಕೊರಿಯಾ ಮುಂದಿನ ಸುತ್ತಿಗೆ ಹೋಯಿತು. ತಾಳಿದವನು ಬಾಳಿಯಾನು ಅಂತ ಹಿರಿಯರು ಹೇಳಿದ್ದು ನಿಜ.

ಲೆಕ್ಕ ನೋಡಿ

ಟಾಟನ್‌ಹ್ಯಾಮ್‌ನಲ್ಲಿ 10 ವರ್ಷ: ಪಂದ್ಯ 454, ಗೋಲು 173, ಅಸಿಸ್ಟ್ 101. ಗೋಲಿನ ಲೆಕ್ಕ ಎಲ್ಲರೂ ಹೇಳುತ್ತಾರೆ. ಆ 101ನ್ನೂ ನಾವು ನೆನಪಿಡಬೇಕು.

2023ರಲ್ಲಿ ಇವರು ಆ ತಂಡದ ನಾಯಕರಾದರು. 2025ರ ಮೇ 21ರಂದು ಸ್ಪೇನಿನ ಬಿಲ್ಬಾವೊದಲ್ಲಿ ಯುರೋಪಾ ಲೀಗ್ ಫೈನಲ್. ನಾಯಕರಾದರೂ ಅವರು ಮೊದಲು ಹೊರಗೆ ಕೂತಿದ್ದು, ಎರಡನೇ ಅರ್ಧದಲ್ಲಿ ಬದಲಿಯಾಗಿ ಇಳಿದರು. ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ 1-0 ಗೆಲುವು. 2008ರ ನಂತರ ಕ್ಲಬ್ಬಿಗೆ ಅದೇ ಮೊದಲ ಕಪ್. ಅದೇ ವರ್ಷ ಆಗಸ್ಟ್‌ನಲ್ಲಿ ಅಮೆರಿಕದ ಲಾಸ್ ಏಂಜಲೀಸ್ ಕ್ಲಬ್ಬಿಗೆ ಸೇರಿದರು.

ನಾನು ಕಲಿತದ್ದು

ಈಗ ನಾನು ಎಡ ಅಂಚಿನಲ್ಲೇ ನಿಲ್ಲುತ್ತೇನೆ. ದಿನಾ ಬೆಲ್ಲಿಗೆ ಮೊದಲು ಕಾಂಪೌಂಡ್ ಗೋಡೆಗೆ ಎಡಗಾಲಲ್ಲಿ 50 ಸಲ ಒದೆಯುತ್ತೇನೆ. ಇನ್ನೂ ಸೊಟ್ಟಗೇ ಹೋಗುತ್ತದೆ. ಆದರೆ ಹೋದ ಶನಿವಾರ ನಾನು ಕೊಟ್ಟ ಚೆಂಡಿನಿಂದ ನಮ್ಮ ತಂಡಕ್ಕೆ ಒಂದು ಗೋಲಾಯಿತು. ಹೊಡೆದವರನ್ನು ಎಲ್ಲರೂ ಎತ್ತಿ ಕುಣಿಸಿದರು. ನನಗೆ ಮುಖ ಊದಲಿಲ್ಲ. ನಾನೂ ಹೋಗಿ ಎತ್ತಿದೆ.

ಉತ್ತರಿಸಿ ನೋಡೋಣ:
1) ವಿಂಗ್ ಎಂದರೆ ಏನು?
2) ಸೊನ್ ಅವರ ಮೊದಲ ಗುರು ಯಾರು?
3) ನಮ್ಮ ತಂಡದಲ್ಲಿ ಗೋಲು ಹೊಡೆಸಿದವರ ಹೆಸರನ್ನೂ ಬೋರ್ಡಿನ ಮೇಲೆ ಬರೆಯಬೇಕೇ? ನಿಮ್ಮ ಅಭಿಪ್ರಾಯ ತಿಳಿಸಿ.

ತಪ್ಪಿದ್ದರೆ ಗುರುಗಳು ತಿದ್ದಬೇಕಾಗಿ ವಿನಂತಿ.

– 7ನೇ ತರಗತಿ