ಅಂಗಳದ ಮಾಡಿಗೊಂದು ಕಿವಿಮಾತು

ಡೊಂಬಿವಲಿಯ ನೆಲ ಅಂತಸ್ತಿನ ಮನೆಯ ಮುಂದಣ ಕಿರಿಯ ಅಂಗಳಕ್ಕೆ ಸ್ವಹಸ್ತದಿಂದಲೇ ಮಾಡು ಹೊದಿಸಲು ಹವಣಿಸುವ ಮಿತ್ರರೆ, ಜೂನ್ ಮಾಸದ ಎರಡನೆಯ ವಾರದ ವೇಳೆಗೆ ನೈಋತ್ಯ ಮಾರುತವು ಅರಬ್ಬೀ ಸಮುದ್ರದಿಂದ ಬಂದೆರಗುವುದಕ್ಕೆ ಮುನ್ನವೇ, ಮೇ ತಿಂಗಳ ಬಿಸಿಲಿನಲ್ಲಿ ಕೆಲಸವನ್ನು ಪೂರೈಸಿಕೊಳ್ಳುವುದು ಲೇಸು. ತಗಡನ್ನು ಸಮತಲವಾಗಿ ಹಾಸಿದರೆ ನೀರು ನಿಂತು ತುಕ್ಕು ಹಿಡಿಯುವುದರಿಂದ, ಗೋಡೆಯಿಂದ ಹೊರಕ್ಕೆ 6 ಅಡಿಗೆ 1 ಅಡಿಯಷ್ಟು ಇಳಿಜಾರು ಕೊಟ್ಟು, ಮೇಲಣ ತಗಡು ಕೆಳಗಣದರ ಮೇಲೆ 6 ಅಂಗುಲ ಚಾಚುವಂತೆ ಹೊದಿಸಿ, ರಂಧ್ರವನ್ನು ತಗ್ಗಿನಲ್ಲಿ ಕೊರೆಯದೆ ಅಲೆಯ ಉಬ್ಬಿನಲ್ಲಿಯೇ ಕೊರೆದು, ರಬ್ಬರಿನ ವಾಷರುಸಹಿತ ಬಿಗಿಯತಕ್ಕದ್ದು. ತಗ್ಗಿನಲ್ಲಿ ಕೊರೆದ ಮಹಾಶಯನೊಬ್ಬನು (ಅನ್ಯನಲ್ಲ, ನಾನೇ) ಮಳೆಗಾಲವಿಡೀ ಬೋಗುಣಿ ಹಿಡಿದು ಕುಳಿತಿದ್ದನು. 2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದುದನ್ನು ನೆನೆದು, ಸೂರಿನ ನೀರಿಳಿಯುವ ಕೊಳವೆಯ ಗಾತ್ರದಲ್ಲಿ ಜಿಪುಣತನ ತೋರದಿರಿ. ಠಾಣೆಯಾಗಲಿ, ಕಲ್ಯಾಣವಾಗಲಿ, ಹೌಸಿಂಗ್ ಸೊಸೈಟಿಯನ್ನೂ ಮಹಾನಗರಪಾಲಿಕೆಯನ್ನೂ ವಿಚಾರಿಸಿ ಅನುಮತಿ ಪಡೆಯುವ ತನಕ ಕಂಬ ನೆಡಲಾಗದು.