ರಾಣಿಯ ಬಾಯಾರಿಕೆ

ಬೈರಮಂಗಲ
ಭಾನುವಾರ ಸಂಜೆ

ಪುಟ್ಟು,

ರಾಣಿ ಚೇತರಿಸಿಕೊಳ್ತಿದ್ದಾಳೆ. ಇದನ್ನು ಮೊದಲೇ ಬರೆದುಬಿಡ್ತೀನಿ, ಇಲ್ಲದಿದ್ದರೆ ನೀನು ಮಿಕ್ಕಿದ್ದನ್ನು ಓದೋನಲ್ಲ.

ಹೋದ ವಾರ ನಮ್ಮ ನಾಯಿ ನೀರಿನ ಬೋಗುಣಿ ಬಿಟ್ಟು ಏಳಲೇ ಇಲ್ಲ. ಕುಡಿದದ್ದೇ ಕುಡಿದದ್ದು, ಗಳಿಗೆಗೊಂದು ಸಲ ಉಚ್ಚೆ. ಮುದ್ದೆ ಮೂಸಿಯೂ ನೋಡಲಿಲ್ಲ. ನಿಮ್ಮಪ್ಪ "ಕೆರೆ ನೀರು ಕುಡಿದಿದ್ದಾಳೆ" ಅಂದ. ವೃಷಭಾವತಿ ಬೆಂಗಳೂರಿನ ಕೊಳೆಯನ್ನೆಲ್ಲ ತಂದು ನಮ್ಮ ಕೆರೆಗೆ ಸುರಿಯೋದು ನಿಜವೇ. ಹಾಗಂತ ಊರಲ್ಲಿ ಕೋಳಿ ಸತ್ತರೂ ಕೆರೆ ಮೇಲೇ ಹಾಕ್ತೀವಲ್ಲ! ನಾನು ಬಾಲ ಎತ್ತಿ ನೋಡಿದೆ. ರಕ್ತ ಬೆರೆತ ಕೀವು, ಮುಖ ತಿರುಗಿಸೋ ವಾಸನೆ. ಬೆದೆ ಮುಗಿದು ಐದು ವಾರ.

ಗರ್ಭಕೋಶದಲ್ಲಿ ಕೀವು, ಪಯೋಮೆಟ್ರಾ, ಅಂದರು ಡಾಕ್ಟರು. ಬೆದೆ ಇಳಿದ ಮೇಲೆ ಬಸುರಾಗಲಿ ಬಿಡಲಿ, ನಾಯಿ ಮೈಯಲ್ಲಿ ಸುಮಾರು ಎರಡು ತಿಂಗಳು ಪ್ರೊಜೆಸ್ಟರಾನ್ ಏರಿರುತ್ತದಂತೆ. ಒಳಪದರ ದಪ್ಪಗಾಗುತ್ತದೆ, ರೋಗಾಣುವಿಗೆ ಹಾಸಿಗೆ ಹಾಸಿದ ಹಾಗೆ. ಹೆಚ್ಚಾಗಿ ಅದು ಅವಳ ಕರುಳಿನದೇ ಇ. ಕೊಲೈ. ಕೆರೆ ಪಾಪ, ಈ ಸಲ ನಿರಪರಾಧಿ. ಬೆದೆ ತಡೆಯೋಕೆ ಹಾರ್ಮೋನ್ ಇಂಜೆಕ್ಷನ್ ಹಾಕಿಸ್ತಾರಲ್ಲ, ಅದೂ ಈ ರೋಗಕ್ಕೆ ದಾರಿ. ಯಾರಾದರೂ ಹೇಳಿದರೆ ಕೇಳಬೇಡ.

ಗರ್ಭಕೋಶ ತೆಗೆಸೋ ಮಾತು ಬಂದಾಗ ನೀನು "ಆಪರೇಷನ್ ಬೇಡ ತಾತ, ಅವಳ ಮರಿ ಬೇಕು" ಅಂತ ಫೋನಲ್ಲಿ ಅತ್ತೆಯಲ್ಲ, ಅದಕ್ಕೇ ಔಷಧಿ ದಾರಿ ಹಿಡಿದದ್ದು. ವಯಸ್ಸು ನಾಲ್ಕೇ, ಗರ್ಭಕೋಶದ ಬಾಯಿ ತೆರೆದಿತ್ತು, ರಕ್ತಪರೀಕ್ಷೆಯಲ್ಲಿ ಮೂತ್ರಪಿಂಡ ಕೆಟ್ಟಿರಲಿಲ್ಲ. ಬಾಯಿ ಮುಚ್ಚಿದ್ದಿದ್ದರೆ ನಿನ್ನ ಮಾತು ನಡೀತಿರಲಿಲ್ಲ, ಮಗಾ. ಕೀವು ಹೊರಗೆ ಬರೋಕೆ ದಾರಿಯಿಲ್ಲದೆ ಅದನ್ನು ಹೊರತಳ್ಳೋ ಇಂಜೆಕ್ಷನ್ನಿಗೆ ಗರ್ಭಕೋಶ ಹಿಂಡಿಕೊಂಡರೆ ಅದು ಒಡೆದೇ ಹೋಗಬಹುದು.

ಆ್ಯಂಟಿಬಯೋಟಿಕ್ ಒಂದರಿಂದ ಇದು ವಾಸಿಯಾಗದು, ಕೀವು ಹೊರಗೆ ಬರಲೇಬೇಕು. ಅದಕ್ಕೆ ಕ್ಲೋಪ್ರೋಸ್ಟೆನಾಲ್ ಕೊಟ್ಟರು. ನಮ್ಮ ಹಸುಗಳಿಗೆ ಬೆದೆ ಬರಿಸೋಕೆ ಹಾಕ್ತಾರಲ್ಲ, ಅದೇ. ಪಕ್ಕದ ಮನೆಯವರು "ಫ್ರಿಜ್ಜಲ್ಲಿದೆ, ನಾವೇ ಚುಚ್ಚೋಣ" ಅಂತ ಬಂದಿದ್ದರು. ಹಸುವಿಗೆ ಒಂದು ಸಲಕ್ಕೆ 500 ಮೈಕ್ರೋಗ್ರಾಂ. ನಾಯಿಗೆ ಕೆಜಿಗೆ ಒಂದೆರಡು. ರಾಣಿ ತೂಗೋದು 16 ಕೆಜಿ, ಲೆಕ್ಕ ನೀನೇ ಹಾಕು. ಆ ಬಾಟಲಿ ಹತ್ತಿರ ನಿನ್ನ ಅಕ್ಕನನ್ನೂ ಬಿಡಲಿಲ್ಲ, ಬಸುರಿ ಹೆಂಗಸರು ಮುಟ್ಟಲೇಬಾರದಂತೆ.

ಮೊದಲ ಸೂಜಿಯಾದ ಸ್ವಲ್ಪ ಹೊತ್ತಿಗೆ ಜೊಲ್ಲು ಸುರಿಸಿದಳು, ಏದುಸಿರು ಬಿಟ್ಟಳು, ವಾಂತಿ ಮಾಡಿದಳು. ನನ್ನ ಪಂಚೆ ಅಂಚು ಕಚ್ಚಿಕೊಂಡೇ ಮಲಗಿದ್ದಳು. ಒಂದು ಗಂಟೆಯಲ್ಲಿ ಎದ್ದು ಬಾಲ ಆಡಿಸಿದಳು. ಈ ಪಡಿಪಾಟಲು ದಿನಾ ಇತ್ತು, ಬರಬರುತ್ತಾ ಕಡಿಮೆಯಾಯ್ತು. ಯೂರೋಪಿನಲ್ಲಿ ಅಗ್ಲೆಪ್ರಿಸ್ಟೋನ್ ಅನ್ನೋದನ್ನು ಕೊಡ್ತಾರಂತೆ, ಪ್ರೊಜೆಸ್ಟರಾನಿಗೇ ಅಡ್ಡ ನಿಲ್ಲೋದು, ಇಷ್ಟು ಗೋಳಿಲ್ಲವಂತೆ.

ನಾಳೆ ಮತ್ತೆ ಸ್ಕ್ಯಾನ್ ಇದೆ. ಇದು ಮರುಕಳಿಸೋ ಕಾಯಿಲೆ. ಅದಕ್ಕೇ ಮುಂದಿನ ಬೆದೆಯಲ್ಲೇ ಗಂಡು ಕೂಡಿಸಬೇಕು, ಒಂದು ಸೂಲು ಮರಿ ಆದ ಮೇಲೆ ಆಪರೇಷನ್. ಡಾಕ್ಟರಿಗೆ ನಾನು ಮಾತು ಕೊಟ್ಟಾಗಿದೆ, ನೀನು ಅಳೋ ಹಾಗಿಲ್ಲ.

ಬರುವಾಗ ಹಳೇ ಬೆಡ್‌ಶೀಟ್ ಎರಡು ತಾ. ಇಲ್ಲಿದ್ದವೆಲ್ಲ ಅವಳ ಕೆಳಗೇ ಹೋದವು.

ಇಂತಿ,
ನಿನ್ನ ತಾತ